ಅಡಕೆ ತೋಟಕ್ಕೆ ಮುಧೋಳ ನಾಯಿ ತರಬಹುದೇ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಅಡಕೆ ತೋಟ, ಮನೆ ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಆಚೆ ಕಾಡು. ಮಂಗ, ಕಾಡುಹಂದಿಯ ಕಾಟ ವಿಪರೀತ. ಪರಿಚಯದವರೊಬ್ಬರು 45 ದಿನದ ಮುಧೋಳ ಮರಿ ಕೊಡುತ್ತೇನೆ ಎಂದಿದ್ದಾರೆ. ಕರ್ನಾಟಕದ ಹೆಮ್ಮೆಯ ತಳಿ, ನಮ್ಮ ಮನೆಯಲ್ಲೂ ಒಂದಿರಲಿ ಎಂಬ ಆಸೆ. ಕಾರವಾರದಲ್ಲಿರುವ ಸೋದರಮಾವ 'ಮುಧೋಳಕ್ಕೆ ಕರವಾನಿ ಎಂದೂ ಹೆಸರು, ಕರವಾನಿ ಅಂದರೆ ಕಾರವಾರದ್ದೇ ನಾಯಿ, ನಮ್ಮ ಹವೆಗೆ ಒಗ್ಗುತ್ತದೆ' ಎನ್ನುತ್ತಾರೆ. ಊರಿನವರು 'ಬೇಟೆ ನಾಯಿ, ಕರುವಿಗೆ, ಮಕ್ಕಳಿಗೆ ಬಾಯಿ ಹಾಕುತ್ತದೆ. ಮಾಂಸ ಕೊಟ್ಟರೆ ಇನ್ನೂ ಕ್ರೂರವಾಗುತ್ತದೆ, ಅರೆಹೊಟ್ಟೆಯಲ್ಲೇ ಇಡಬೇಕು' ಎಂದು ಹೆದರಿಸುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಇಲ್ಲಿಯ ಮಳೆ ತಡೆಯುತ್ತದೆಯೇ? ತೋಟ ಕಾಯುತ್ತದೆಯೇ? ತರಬೇಕೋ ಬೇಡವೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ತೋಟ ಕಾಯುವ ನಾಯಿ ಬೇಕು. ಇನ್ನೊಂದು, ನಾಡಿನ ಹೆಮ್ಮೆಯ ತಳಿ ಮನೆಯಲ್ಲಿರಬೇಕು. ಎರಡೂ ಸರಿಯಾದ ಆಸೆಗಳೇ. ಆದರೆ ಒಂದೇ ನಾಯಿಯಿಂದ ಎರಡನ್ನೂ ನಿರೀಕ್ಷಿಸಿದರೆ ಕಷ್ಟಪಡುವುದು ಆ ನಾಯಿ.

ಮೊದಲು ಹೆಸರಿನ ವಿಷಯ. ಕರವಾನಿಗೂ ಕಾರವಾರಕ್ಕೂ ಸಂಬಂಧವಿಲ್ಲ. ಅದು 'ಕಾರವಾನ್' ಎಂಬ ಮಾತಿನಿಂದ ಬಂದದ್ದು. ಸಾರ್ಥವಾಹರು, ಅಂದರೆ ಒಂಟೆ, ಎತ್ತುಗಳ ಮೇಲೆ ಸರಕು ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳ ಜೊತೆ ಬಂದ ನಾಯಿ ಎಂಬ ಅರ್ಥದಲ್ಲಿ. ಪಶ್ಚಿಮ ಏಷ್ಯಾದ ಸಲೂಕಿ ಜಾತಿಯ ನಾಯಿಗಳೊಂದಿಗೆ ಇದರ ಮೈಕಟ್ಟು ಹೋಲುತ್ತದೆ. ಇವತ್ತಿಗೂ ಒಂದು ಕೆನಲ್ ಸಂಸ್ಥೆ ಇದನ್ನು ಕಾರವಾನ್ ಹೌಂಡ್ ಎಂದೂ ಇನ್ನೊಂದು ಮುಧೋಳ ಹೌಂಡ್ ಎಂದೂ ದಾಖಲಿಸುತ್ತವೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಆಸರೆ ಕೊಟ್ಟರು, ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಎಂಬಲ್ಲಿಂದ ಮುಧೋಳದ ಹೆಸರು ಗಟ್ಟಿಯಾಯಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಚೀಟಿ ಹೊರತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಮರಿಗಳು 2016ರಲ್ಲಿ ಮೀರತ್‌ನ ಸೇನಾ ಶ್ವಾನ ತರಬೇತಿ ಕೇಂದ್ರಕ್ಕೆ ಹೋದವು.

ಆದರೆ ಈ ತಳಿಯನ್ನು ರೂಪಿಸಿದ್ದು ಅರಮನೆಯಲ್ಲ, ಬಯಲು. ಮುಧೋಳ, ಜಮಖಂಡಿ ಕಡೆಯ ಎರೆಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಮರೆಯಿಲ್ಲ. ಅಲ್ಲಿ ಮೊಲ ಎದ್ದರೆ ಕಂಡ ಕ್ಷಣವೇ ಓಡಿ ಹಿಡಿಯಬಲ್ಲ ನಾಯಿಯನ್ನು ರೈತರು, ಬೇಡರು, ಕುರಿಗಾರರು ತಲೆಮಾರುಗಟ್ಟಲೆ ಆರಿಸುತ್ತ ಬಂದರು. ಉದ್ದ ಮುಖ, ಬದಿಗೆ ಚಾಚಿದ ಕಣ್ಣು, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ, ತೆಳು ಚರ್ಮ, ಗಿಡ್ಡ ಕೂದಲು ಎಲ್ಲವೂ ಆ ಕೆಲಸಕ್ಕಾಗಿಯೇ. ಗಂಡು 68ರಿಂದ 72 ಸೆಂ.ಮೀ. ಎತ್ತರ, ಹೆಣ್ಣು 64ರಿಂದ 68. ಇದು ಮೂಗಿನಿಂದ ಬೇಟೆಯಾಡುವ ನಾಯಿಯಲ್ಲ, ಕಣ್ಣಿನಿಂದ ಆಡುವುದು. ನಿಮ್ಮ ತೋಟದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಅಡಕೆ ತೋಟದಲ್ಲಿ ಎಂಟೊಂಬತ್ತು ಅಡಿಗೆ ಒಂದು ಮರ, ನಡುವೆ ಬಾಳೆ, ಏಲಕ್ಕಿ, ಕಾದಿಗೆ (ನೀರು ಹರಿಯುವ ಕಾಲುವೆ), ಜಾರುವ ಬದು. ಬೆಟ್ಟದಲ್ಲಿ ಪೊದೆ, ಮರದ ಕುಂಟೆ, ಕಲ್ಲು. ಗಂಟೆಗೆ ನಲವತ್ತು ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲ ನಾಯಿ ಅಂಥ ಕಡೆ ಹಾರಿದರೆ ಮರಕ್ಕೆ ಡಿಕ್ಕಿ ಹೊಡೆಯುತ್ತದೆ, ಕಾದಿಗೆಯಲ್ಲಿ ಕಾಲು ಮುರಿದುಕೊಳ್ಳುತ್ತದೆ. ಮಂಗ ಮರದ ಮೇಲಿರುವ ಪ್ರಾಣಿ. ಅದನ್ನು ಓಡಿಸಲು ಬೇಕಾದ್ದು ವೇಗವಲ್ಲ, ಬಿಡದೆ ಬೊಗಳುವ ಬಾಯಿ. ಮುಧೋಳ ನಾಯಿ ಎಚ್ಚರದ ನಾಯಿ ಹೌದು, ಆದರೆ ದಿನವಿಡೀ ಬೊಗಳುವುದಿಲ್ಲ. ಕಾಡುಹಂದಿಯ ವಿಷಯದಲ್ಲಂತೂ ಖಡಾಖಂಡಿತ ಬೇಡ. ಇದರ ಚರ್ಮದ ಕೆಳಗೆ ಕೊಬ್ಬಿನ ಪದರವೇ ಇಲ್ಲದಷ್ಟು ಕಡಿಮೆ. ಗಂಡು ಹಂದಿಯ ಕೋರೆ ಒಮ್ಮೆ ತಾಗಿದರೆ ಪಕ್ಕೆಯೋ ಹೊಟ್ಟೆಯೋ ಸೀಳುತ್ತದೆ. ಇದರ ಜೊತೆ ಕಾಡಂಚಿನಲ್ಲಿ ಹಂದಿಗೆಂದು ಇಟ್ಟ ಉರುಲು, ಕರೆಂಟು ಹರಿಸಿದ ತಂತಿ, ಹಿಟ್ಟಿನುಂಡೆಯಲ್ಲಿ ಅಡಗಿಸಿದ ಸಿಡಿಮದ್ದು ಇವಕ್ಕೆ ಬಲಿಯಾಗುವುದು ಹೆಚ್ಚಾಗಿ ನಾಯಿ, ದನಗಳೇ. ಚಿರತೆಗೂ ನಾಯಿ ಸುಲಭದ ತುತ್ತು.

ಕಾನೂನನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅನೇಕರಿಗೆ ಇದು ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಬೆನ್ನಟ್ಟಿಸುವುದು, ಅಟ್ಟುವುದು, ಉರುಲು ಹಾಕುವುದು ಎಲ್ಲವೂ ಆ ಪದದೊಳಗೆ ಬರುತ್ತದೆ. ಮೊಲದ ಹಿಂದೆ ನಾಯಿ ಬಿಡುವುದೂ ಬೇಟೆಯೇ. ಸೊಪ್ಪಿನ ಬೆಟ್ಟದ ಸೌಲಭ್ಯ ನಿಮ್ಮ ತೋಟಕ್ಕೆ ಹಂಚಿಕೆಯಾಗಿದ್ದರೂ ಆ ನೆಲ ಅರಣ್ಯ ಭೂಮಿಯೇ. ನಾಯಿ ಅಂಗಳದಲ್ಲಿ ಬೊಗಳಿ ಮಂಗ ಓಡಿಸುವುದು ಬೇರೆ, ಬೆಟ್ಟಕ್ಕೆ ನುಗ್ಗಿ ಪ್ರಾಣಿ ಹಿಡಿಯುವುದು ಬೇರೆ. ಎರಡನೆಯದು ನಡೆದರೆ ಉತ್ತರ ಕೊಡಬೇಕಾದವರು ನೀವು.

ಹಾಗಾಗಿ ತೋಟ ಕಾಯುವುದಕ್ಕೇ ನಾಯಿ ಬೇಕೆಂದರೆ ಊರ ನಾಯಿಯ ಎರಡು ಮರಿ ತನ್ನಿ. ಇಲ್ಲಿಯ ಮಳೆ, ಉಣುಗು, ಇಂಬಳದ ನಡುವೆಯೇ ಬದುಕಿ ಬಂದ ಪ್ರಾಣಿ; ಗದ್ದಲ ಮಾಡುತ್ತದೆ, ಮನೆ ಬಿಟ್ಟು ಬಹುದೂರ ಹೋಗುವುದಿಲ್ಲ. ಲಸಿಕೆ, ಸಂತಾನಹರಣ ಮಾಡಿಸಿ. ಇದನ್ನು ಎರಡನೇ ದರ್ಜೆಯ ಸಲಹೆ ಎಂದುಕೊಳ್ಳಬೇಡಿ. ಊರ ನಾಯಿಯೂ ಈ ನೆಲದ ಪರಂಪರೆಯೇ, ಅದಕ್ಕೆ ಅಂಚೆಚೀಟಿ ಬಂದಿಲ್ಲ ಅಷ್ಟೇ.

ಇನ್ನು ಮುಧೋಳ ನಾಯಿಯನ್ನು ಮನೆಯ ನಾಯಿಯಾಗಿ ಸಾಕುವುದಾದರೆ? ಸಾಕಬಹುದು. ಮಳೆ ತಡೆಯುವುದಿಲ್ಲ ಎಂಬುದು ಅರ್ಧಸತ್ಯ. ಬಾಗಲಕೋಟೆ ಕಡೆ ವರ್ಷಕ್ಕೆ ಬೀಳುವುದು ಸುಮಾರು 550ರಿಂದ 600 ಮಿ.ಮೀ.; ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಮಳೆಯಲ್ಲಿ ನೆನೆದ ಮಾತ್ರಕ್ಕೆ ನಾಯಿ ಸಾಯುವುದಿಲ್ಲ. ಒಣಗದೆ ಉಳಿದರೆ ಮಾತ್ರ ಬೆರಳುಸಂದು, ಕಂಕುಳು, ಹೊಟ್ಟೆಯ ಕೆಳಗೆ ಬೂಷ್ಟು, ಕಜ್ಜಿ ಶುರುವಾಗುತ್ತದೆ. ಕೊಬ್ಬಿಲ್ಲದ ಮೈ ಬೇಗ ಥಂಡಿ ಹಿಡಿಯುತ್ತದೆ. ಆದ್ದರಿಂದ ಅಂಗಳದ ಗೂಡು ಈ ನಾಯಿಗೆ ಆಗುವುದಿಲ್ಲ. ಜಗಲಿಯಲ್ಲೋ ಒಳಗೋ ನೆಲದಿಂದ ಒಂದು ಅಡಿ ಎತ್ತರದ ಮಂಚ, ಮೇಲೆ ದಪ್ಪ ಹಾಸು. ಮೂಳೆ ಚಾಚಿದ ಮೈಯಾದ್ದರಿಂದ ಬರೀ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈಯಲ್ಲಿ ಜಡ್ಡುಗಟ್ಟಿ ನೀರು ತುಂಬಿದ ಗಂಟು ಬರುತ್ತದೆ. ಗೋಣಿಚೀಲ ಹಾಸಿದರೆ ಮೂರು ದಿನಕ್ಕೊಮ್ಮೆ ಬದಲಿಸಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ಹೊರಗಿನಿಂದ ಬಂದ ಕೂಡಲೇ ಒಣ ಬಟ್ಟೆಯಿಂದ ಮೈ, ಮುಖ್ಯವಾಗಿ ಬೆರಳುಸಂದು ಒರೆಸಿ. ಇಂಬಳ ಕಂಡರೆ ಕೀಳುವುದೂ ಆ ಹೊತ್ತಿಗೇ.

ಮಳೆಗಿಂತ ನಾನು ಹೆಚ್ಚು ಹೆದರುವುದು ಉಣುಗಿಗೆ. ಎರ್ಲಿಕಿಯಾ, ಬಬೇಸಿಯಾ ಎಂಬ ಎರಡು ರಕ್ತರೋಗಗಳು ಉಣುಗಿನಿಂದ ಬರುತ್ತವೆ. ಊಟ ಬಿಡುವುದು, 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ರಕ್ತ ತೋರಿಸಿ. ಔಷಧ ಅಂಗಡಿಯ ಡಾಕ್ಸಿಸೈಕ್ಲಿನ್ ಎರ್ಲಿಕಿಯಾಕ್ಕೆ ಕೆಲಸ ಮಾಡುತ್ತದೆ, ಬಬೇಸಿಯಾಕ್ಕೆ ಅದೊಂದೇ ಸಾಲದು. ಎರಡು ದಿನ ಚೇತರಿಸಿಕೊಂಡಂತೆ ಕಂಡು ಮೂರನೇ ದಿನ ಕುಸಿಯುವುದು ಹೀಗೆಯೇ. ತಡೆಗೆ ಫ್ಲೂರಾಲೇನರ್ ಗುಳಿಗೆ 12 ವಾರಕ್ಕೊಮ್ಮೆ, ಅಫಾಕ್ಸೊಲೇನರ್ ಆದರೆ ತಿಂಗಳಿಗೊಮ್ಮೆ, ತೂಕ ನೋಡಿ ಕೊಡಬೇಕು. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಔಷಧ ಕೊಡುವ ಮೊದಲು ವೈದ್ಯರಿಗೆ ಹೇಳಿ. ಕೊಟ್ಟಿಗೆಯಲ್ಲಿ ದನದ ಉಣುಗಿಗೆ ತಂದಿಟ್ಟ ಔಷಧವನ್ನು ಅಂದಾಜಿನಲ್ಲಿ ಕಲಸಿ ನಾಯಿಯ ಮೈಗೆ ಹಚ್ಚುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಮಾಡಬೇಡಿ. ತೆಳು ಚರ್ಮ, ಮೈ ನೆಕ್ಕುವ ಅಭ್ಯಾಸ ಎರಡೂ ಸೇರಿ ನಡುಕ, ಜೊಲ್ಲು, ಫಿಟ್ಸ್ ತರುತ್ತವೆ.

ಮಂಗನ ಕಾಯಿಲೆಯ ಭಯ ಶಿರಸಿ, ಸಿದ್ದಾಪುರದವರಿಗೆ ಸಹಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ 2024ರಲ್ಲೂ ಸಿದ್ದಾಪುರವನ್ನು ಕಾಡಿತು. ನಾಯಿ ಕಚ್ಚಿದರೆ, ನೆಕ್ಕಿದರೆ ಅದು ಬರುವುದಿಲ್ಲ. ಆದರೆ ಬೆಟ್ಟ ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೆ ಬರಬಹುದು. ಡಿಸೆಂಬರಿನಿಂದ ಮೇ ತನಕ ನಾಯಿಯನ್ನು ಬೆಟ್ಟಕ್ಕೆ, ದರಕು (ಒಣಗಿದ ಎಲೆ) ಗುಡಿಸುವ ಜಾಗಕ್ಕೆ ಬಿಡಬೇಡಿ, ಮಕ್ಕಳ ಹಾಸಿಗೆಗೆ ಹತ್ತಿಸಬೇಡಿ.

ಮಳೆಗಾಲದ ಇನ್ನೊಂದು ಅಪಾಯ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ ಮೂತ್ರ ಬೆರೆತ ಕಾದಿಗೆ ನೀರಿನಿಂದ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ಲಸಿಕೆಯ ಮೊದಲ ಎರಡು ಡೋಸುಗಳ ನಡುವೆ ಮೂರ್ನಾಲ್ಕು ವಾರ ಬೇಕು. ಎರಡನೆಯದು ಮೇ ತಿಂಗಳ ಮಧ್ಯಕ್ಕೆ ಮುಗಿದಿರಲಿ, ಆಮೇಲೆ ವರ್ಷಕ್ಕೊಮ್ಮೆ. ಜೂನ್, ಜುಲೈಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೀರಲ್ಲ, ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ? ಆ ದಿನ, ಮರುದಿನ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ವಾಂತಿ; ಬರೀ ಮೈಲುತುತ್ತದ ನೀರಿದ್ದ ಡ್ರಮ್ಮಿನಿಂದ ಕುಡಿದರೆ ಜೀವಕ್ಕೇ ಅಪಾಯ.

ಈಗ ಸ್ವಭಾವ. ಮಾಂಸ ತಿಂದ ನಾಯಿ ಕ್ರೂರವಾಗುತ್ತದೆ ಎಂಬುದು ಸುಳ್ಳು. ಅಟ್ಟಿಸುವ ಗುಣ ಊಟದಿಂದ ಬಂದದ್ದಲ್ಲ, ರಕ್ತದಲ್ಲಿರುವುದು. ಅದಕ್ಕೂ ಮನುಷ್ಯರ ಮೇಲಿನ ಸಿಟ್ಟಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಮುಧೋಳ ನಾಯಿ ಅಪರಿಚಿತರಿಂದ ದೂರ ನಿಲ್ಲುವ, ಸ್ವಲ್ಪ ನಾಚಿಕೆಯ, ಮೈ ಮುಟ್ಟಿಸಿಕೊಳ್ಳಲು ಹಿಂಜರಿಯುವ ನಾಯಿ. ಸಣ್ಣದರಲ್ಲೇ ಕೂಡಿಹಾಕಿ, ಹೆದರಿಸಿ ಬೆಳೆಸಿದರೆ ಹೆದರಿಕೆಯಿಂದ ಕಚ್ಚುತ್ತದೆ. ಕೋಳಿ, ಬೆಕ್ಕು, ಓಡುವ ಕರುವಿನ ವಿಷಯದಲ್ಲಿ ಮಾತ್ರ ಊರಿನವರ ಎಚ್ಚರಿಕೆ ನಿಜ. ಮರಿಯಿದ್ದಾಗಿನಿಂದ ಹಗ್ಗದಲ್ಲಿ ಹಿಡಿದು ದಿನವೂ ಕೊಟ್ಟಿಗೆಯಲ್ಲಿ ಹತ್ತು ನಿಮಿಷ ಕೂರಿಸಿ, ಸುಮ್ಮನಿದ್ದರೆ ತಿನಿಸು ಕೊಡಿ. ಮನೆಯ ದನ ಯಾವುದೆಂದು ಕಲಿಯುತ್ತದೆ. ಪಕ್ಕದ ಮನೆಯ ಕೋಳಿಗೆ ಆ ಭರವಸೆ ಕೊಡಲಾರೆ.

ಅರೆಹೊಟ್ಟೆ ಎಂಬ ಮಾತು ಎಲ್ಲಿಂದ ಬಂತೆಂದರೆ ನಾಯಿಯ ರೂಪದಿಂದ. ಆರೋಗ್ಯವಂತ ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆಯ ತುದಿ ಕಾಣಬೇಕು. ಬೆನ್ನೆಲುಬಿನ ಎರಡು ಬದಿ, ತೊಡೆ ಮಾತ್ರ ತುಂಬಿಕೊಂಡಿರಬೇಕು. ತೊಡೆ ಬಡಕಲಾದರೆ ಅದು ಹಸಿವು ಅಥವಾ ಹುಳು. 25 ಕೆ.ಜಿ. ತೂಕದ, ದಿನವೂ ಓಡಾಡುವ ನಾಯಿಗೆ ಸುಮಾರು 1,200 ಕ್ಯಾಲೊರಿ ಬೇಕು. ನಿಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲವಾದ್ದರಿಂದ ಸುಲಭದ ದಾರಿ ಒಳ್ಳೆಯ ಒಣ ಆಹಾರ, ದಿನಕ್ಕೆ 320ರಿಂದ 350 ಗ್ರಾಂ, ಎರಡು ಹೊತ್ತು. ಬರೀ ಅನ್ನ ಮಜ್ಜಿಗೆಯಲ್ಲಿ ಬೆಳೆಸಿದರೆ ಆರು ತಿಂಗಳಲ್ಲಿ ಸ್ನಾಯು ಕರಗಿ ಕೂದಲು ಉದುರುತ್ತದೆ. ಕಾರವಾರದ ಮಾವನ ಮನೆಯಲ್ಲಾದರೆ 350 ಗ್ರಾಂ ಅನ್ನ, 300 ಗ್ರಾಂ ಬೇಯಿಸಿ ಮುಳ್ಳು ತೆಗೆದ ಬಂಗಡೆ ಅಥವಾ ಕೋಳಿ, ಎರಡು ಮೊಟ್ಟೆ, ಒಂದಿಷ್ಟು ಸಿಹಿಗುಂಬಳ, ಸುಣ್ಣದಂಶಕ್ಕೆ ಅರ್ಧ ಚಹಾ ಚಮಚ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು. ಒಣ ಮೀನಿನಲ್ಲಿ ಉಪ್ಪು ಅತಿ, ಬೇಡ. ಮರಿಗೆ ಈ ಲೆಕ್ಕ ನಡೆಯುವುದಿಲ್ಲ. ಒಂದು ವರ್ಷದವರೆಗೆ ಮರಿಗಳ ಸಿದ್ಧ ಆಹಾರವೇ ಸುರಕ್ಷಿತ. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಊಟವಾಗಿ ಎರಡು ತಾಸು ಓಡಿಸಬೇಡಿ. ಹೊಟ್ಟೆ ಡೊಳ್ಳಿನಂತಾಗಿ ವಾಂತಿ ಬಾರದೆ ಓಕರಿಸುತ್ತಿದ್ದರೆ ಗಂಟೆಗಳ ಲೆಕ್ಕ, ಬೆಳಗಾಗಲಿ ಎಂದು ಕಾಯಬಾರದು.

ಓಟ ಇದರ ಬದುಕು. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಹಗ್ಗದ ನಡಿಗೆ, ವಾರಕ್ಕೆ ಮೂರು ನಾಲ್ಕು ಸಲವಾದರೂ ಬೇಲಿಯೊಳಗೆ ಹತ್ತು ನಿಮಿಷ ಮನಸೋ ಇಚ್ಛೆ ಓಟ. ಅದಕ್ಕೆ ಕನಿಷ್ಠ ಅರ್ಧ ಎಕರೆ ಬಯಲು, ಆರು ಅಡಿ ಎತ್ತರದ ಜಾಲರಿ. ಮುಳ್ಳುತಂತಿ ಮಾತ್ರ ಬೇಡ. ಇವುಗಳಲ್ಲಿ ನೋಡುವ ಗಾಯಗಳಲ್ಲಿ ಅದು ಮಾಡುವ ಸೀಳೇ ಹೆಚ್ಚು, ಚರ್ಮ ಬಟ್ಟೆಯಂತೆ ಹರಿಯುತ್ತದೆ. ಹರಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಚಹಾ ಚಮಚ ಉಪ್ಪು ಹಾಕಿ ತೊಳೆಯಿರಿ, ಶುದ್ಧ ಬಟ್ಟೆ ಸುತ್ತಿ, ಆರು ತಾಸಿನೊಳಗೆ ಹೊಲಿಗೆಗೆ ಒಯ್ಯಿರಿ. ಅರಿಶಿನ, ಸೀಮೆಎಣ್ಣೆ ಹಾಕಿದರೆ ಹೊಲಿಗೆ ಹಿಡಿಯುವುದಿಲ್ಲ. ತಲೆ ಕುತ್ತಿಗೆಗಿಂತ ಸಪೂರ, ಮಾಮೂಲಿ ಪಟ್ಟಿ ಕಳಚಿಕೊಳ್ಳುತ್ತದೆ; ನಾಲ್ಕೈದು ಸೆಂ.ಮೀ. ಅಗಲದ, ಎಳೆದಾಗ ತುಸು ಬಿಗಿಯುವ ಮಾರ್ಟಿಂಗೇಲ್ ಪಟ್ಟಿ ತರಿಸಿ. ಉದ್ದ ಹಗ್ಗ ಕಟ್ಟಿ ಓಡಲು ಬಿಡುವುದಾದರೆ ಕುತ್ತಿಗೆಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. 15 ತಿಂಗಳವರೆಗೆ ಬೈಕಿನ ಜೊತೆ ಓಡಿಸಬೇಡಿ. ಕಾರವಾರಕ್ಕೆ ಹೋದಾಗ ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳು ಓಟಕ್ಕೆ ಒಳ್ಳೆಯ ನೆಲ. ಮೇಲಿನ ಸಡಿಲ ಮರಳು ಸ್ನಾಯು ಎಳೆಸುತ್ತದೆ. ಆದರೆ ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಆಗ ಹಗ್ಗ ಬಿಚ್ಚಬೇಡಿ.

ಒಂದು ವಿಷಯವನ್ನು ಬರೆದಿಟ್ಟು ನಿಮ್ಮ ಪಶುವೈದ್ಯರಿಗೆ ತೋರಿಸಿ. ಕಣ್ಣುಬೇಟೆಯ ನಾಯಿಗಳಿಗೆ ಥಯೋಪೆಂಟೋನ್ ಅರಿವಳಿಕೆ ಬಲು ನಿಧಾನ ಇಳಿಯುತ್ತದೆ. ಕೊಬ್ಬು ಕಡಿಮೆಯಿದ್ದು ಯಕೃತ್ತು ಅದನ್ನು ತಡವಾಗಿ ಕರಗಿಸುವುದೇ ಕಾರಣ. ಪ್ರೊಪೊಫಾಲ್, ಐಸೊಫ್ಲುರೇನ್ ಸುರಕ್ಷಿತ. ರಕ್ತದ ವರದಿಯಲ್ಲೂ ಮೋಸವಿದೆ: ಸಾಮಾನ್ಯ ನಾಯಿಗೆ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 37ರಿಂದ 55 ಸರಿ. ಗ್ರೇಹೌಂಡಿನಲ್ಲಿ ಆರೋಗ್ಯದಲ್ಲೇ 50 ದಾಟುತ್ತದೆ, ಪ್ಲೇಟ್‌ಲೆಟ್, ಥೈರಾಯ್ಡ್ ಕಡಿಮೆ ಇರುತ್ತವೆ. ಅದೇ ಬಗೆಯ ಈ ನಾಯಿಯ ಪಿಸಿವಿ 38 ಬಂದರೆ ಕಾಗದದಲ್ಲಿ ಸರಿ ಎನಿಸುತ್ತದೆ, ನಾಯಿ ಮಾತ್ರ ರಕ್ತಹೀನತೆಯಲ್ಲಿರಬಹುದು. ಆರೋಗ್ಯವಾಗಿದ್ದಾಗಲೇ ಒಮ್ಮೆ ರಕ್ತ ಪರೀಕ್ಷಿಸಿ ಸಂಖ್ಯೆಗಳನ್ನು ಇಟ್ಟುಕೊಂಡರೆ ಮುಂದೆ ಹೋಲಿಸಬಹುದು.

ಕೊನೆಯದಾಗಿ, ನಿಮಗೆ ಕೊಡುತ್ತೇನೆಂದ ಮರಿ. 45 ದಿನದ ಮರಿ ಬೇಡ. 2017ರ ಶ್ವಾನ ಸಂತಾನವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ, ಒಡಹುಟ್ಟಿದವುಗಳ ಜೊತೆ ಕಚ್ಚಾಟದ ಮಿತಿ ಕಲಿಯುವುದೂ ಆ ವಯಸ್ಸಿನಲ್ಲೇ. ಆ ವಯಸ್ಸಿನ ಮರಿ ನೋಡಿ ತಳಿ ಶುದ್ಧವೇ ಎಂದು ಯಾರೂ ಹೇಳಲಾರರು. ತಾಯಿ ತಂದೆ ಎರಡನ್ನೂ ನೋಡಿ, ಅವು ಓಡುವುದನ್ನು ನೋಡಿ. ಬೇಟೆ ನಿಂತ ಮೇಲೆ ಓಟ ನೋಡಿ ಆರಿಸುವ ಪದ್ಧತಿ ಸಡಿಲಾಯಿತು. ಈಗ ಎತ್ತರ, ಬಣ್ಣ ನೋಡಿ ಗ್ರೇಹೌಂಡ್ ಬೆರೆಸಿದ ಮರಿಗಳೂ ಮುಧೋಳದ ಹೆಸರಿನಲ್ಲಿ ಬಿಕರಿಯಾಗುತ್ತವೆ. ನನಗೆ ನಿಜಕ್ಕೂ ನೋವಿನ ಸಂಗತಿ ಇದು. ಹೆಮ್ಮೆಗಾಗಿ ಆತುರದಲ್ಲಿ ಕೊಂಡವರೇ ಈ ಮಾರುಕಟ್ಟೆಯನ್ನು ಬೆಳೆಸಿದ್ದು. ತಿಮ್ಮಾಪುರದ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ದೊಡ್ಡ ನಾಯಿಗಳ ಜೊತೆ ಅರ್ಧ ದಿನ ಕಳೆದರೆ ನಿಮ್ಮ ಮನೆಗೆ ಹೊಂದುತ್ತದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಬಯಲು ಬೇಲಿ, ಒಳಗೆ ಮಲಗುವ ಜಾಗ, ದಿನಕ್ಕೆ ಒಂದೂವರೆ ತಾಸು ಕೊಡಬಲ್ಲ ಒಬ್ಬರು, ಈ ಮೂರೂ ಇದ್ದರೆ ತನ್ನಿ. ಒಂದು ಇಲ್ಲದಿದ್ದರೂ ಈ ವರ್ಷ ಬೇಡ. ತರುವುದಾದರೆ ಮಳೆ ನಿಂತು ನೆಲ ಒಣಗಿದ ನವೆಂಬರಿನಲ್ಲಿ, ಎಂಟು ವಾರ ತುಂಬಿದ ಮರಿ. ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಮೊದಲ ಡೋಸ್ 6ರಿಂದ 8 ವಾರಕ್ಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ. ರೇಬೀಸ್ ಮೂರು ತಿಂಗಳು ತುಂಬಿದ ಮೇಲೆ. ಇವು ಮುಗಿಯುವ ತನಕ ಬೀದಿ ನಾಯಿ ಓಡಾಡುವ ಜಾಗದಲ್ಲಿ ಇಳಿಸಬೇಡಿ, ಎತ್ತಿಕೊಂಡೇ ಊರು, ಜನ, ದನ ತೋರಿಸಿ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಮರಿಗೆ ಒಂಬತ್ತು ತಿಂಗಳಾಗಿ, ಕರೆದರೆ ಓಡಿ ಬರುವುದನ್ನೂ ಜಗಲಿಯ ಮಂಚದ ಮೇಲೆ ಸುಮ್ಮನೆ ಮಲಗುವುದನ್ನೂ ಕಲಿತಿರುತ್ತದೆ.